ಕಳ್ಳರಿಲ್ಲದ ಊರಿನ ಕಾವಲು

ಇಂಗ್ಲೆಂಡ್ ದೇಶದ ವಾಯವ್ಯ ಭಾಗದಲ್ಲಿ, ವೇಲ್ಸ್ ಗಡಿಗೆ ತೀರ ಸಮೀಪವಾಗಿ, ಡೀ ನದಿಯ ದಂಡೆಯ ಮೇಲೆ ಚೆಸ್ಟರ್ ಎಂಬ ಪುರಾತನ ನಗರವಿದೆ. ರೋಮನ್ನರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ದಂಡಿನ ನೆಲೆಯಾಗಿ ಕಟ್ಟಿದ ಈ ಊರಿನ ಸುತ್ತಲೂ ಎರಡು ಮೈಲಿಯಷ್ಟು ಕೋಟೆಯ ಗೋಡೆ ಇಂದಿಗೂ ಬಹುತೇಕ ಅಖಂಡವಾಗಿ ನಿಂತಿದೆ. ನೋಡಲು ಬಂದವರು ಗೋಡೆಯ ಮೇಲೆ ಒಂದು ಸುತ್ತು ನಡೆದು, ಎರಡಂತಸ್ತಿನ ಮೊಗಸಾಲೆಗಳುಳ್ಳ ಅಂಗಡಿಬೀದಿಗಳನ್ನು ಕಂಡು, ಹಳೆಯ ಕೆಥೀಡ್ರಲ್ಲನ್ನು ಹೊಕ್ಕು ಹೊರಬಂದು ತೃಪ್ತರಾಗಿ ಮರಳುತ್ತಾರೆ. ಊರ ಹೊರಗೆ ಉತ್ತರಕ್ಕೆ ಎರಡು ಮೂರು ಮೈಲಿ ದೂರದಲ್ಲಿರುವ ಮಾಲಿಂಗ್ಟನ್ ಗ್ರಾಮವನ್ನು ನೋಡಬೇಕೆಂದು ಬರುವವರು ವಿರಳ. ಅಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಆದರೆ 1982ರಲ್ಲಿ ಇಡೀ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ‘ನೇಬರ್‌ಹುಡ್ ವಾಚ್’, ಎಂದರೆ ನೆರೆಹೊರೆಯ ಕಾವಲು, ಎಂಬ ವ್ಯವಸ್ಥೆ ಆರಂಭವಾದುದು ಇದೇ ಗ್ರಾಮದಲ್ಲಿ. ಅದನ್ನು ಕಾಣಬೇಕೆಂಬ ಕುತೂಹಲದಿಂದ ನಾನು ಅಲ್ಲಿಗೆ ಹೋದೆನು.

ಕುತೂಹಲಕ್ಕೆ ಇನ್ನೊಂದು ನಿಮಿತ್ತವೂ ಇದ್ದಿತು. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿದ ನಮ್ಮ ಎಷ್ಟೋ ಮನೆತನಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಂಬಳದ್ದಲ್ಲ, ಚಳಿಯದ್ದೂ ಅಲ್ಲ; ‘ಅಲ್ಲಿ ಜೀವಕ್ಕೆ, ಒಡವೆಗೆ ಭಯವಿಲ್ಲವೆ?’ ಎಂಬುದು. ನಾನು ಅತಿಥಿಯಾಗಿ ಇಳಿದುಕೊಂಡಿದ್ದುದು ಧಾರವಾಡದ ಕಡೆಯ ವೈದ್ಯ ದಂಪತಿಗಳ ಮನೆಯಲ್ಲಿ. ಚೆಸ್ಟರ್ ಸೀಮೆಯ ಇನ್ನೊಂದು ಚಿಕ್ಕ ಹಳ್ಳಿಯಲ್ಲಿ ಅವರ ವಾಸ. ಗಂಡ ಹೆಂಡಿರಿಬ್ಬರೂ ಮುಂಜಾನೆ ಆಸ್ಪತ್ರೆಗೆ ಹೊರಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅವರ ತಾಯಿ, ಎಪ್ಪತ್ತೈದು ದಾಟಿದ ಹಿರಿಯ ಜೀವ, ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಅವರನ್ನು ಹೀಗೆ ಬಿಡುವುದು ಕ್ಷೇಮವೇ, ಊರಿಗೆ ಕಳುಹಿಸಿಬಿಡಬೇಕೇ ಎಂಬ ಚಿಂತೆ ಮಗನನ್ನು ಕಾಡುತ್ತಲಿದ್ದಿತು. ಊರಿಗೆ ಕಳುಹಿಸಿದರೂ ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಆದುದರಿಂದ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿ ಎಷ್ಟರಮಟ್ಟಿಗೆ ನಿರ್ಭಯವಾದುದು ಎಂಬ ವಿಚಾರ ಆ ಮನೆಯಲ್ಲಿ ಬರಿಯ ಚರ್ಚೆಯ ವಿಷಯವಾಗಿರಲಿಲ್ಲ.

ಮಾಲಿಂಗ್ಟನ್ ಬಹಳ ಹಳೆಯ ಊರು. 1086ರಲ್ಲಿ ವಿಲಿಯಂ ದೊರೆ ಬರೆಯಿಸಿದ ಡೂಮ್ಸ್‌ಡೇ ಎಂಬ ದೊಡ್ಡ ಲೆಕ್ಕದ ಪುಸ್ತಕದಲ್ಲಿಯೇ ಅದರ ಹೆಸರು ಬಂದಿದೆ. ಒಕ್ಕಲುತನದ ಊರಾಗಿದ್ದುದು ಈಗ ಬಹುಮಟ್ಟಿಗೆ ಚೆಸ್ಟರಿಗೂ ಸುತ್ತಲಿನ ಪಟ್ಟಣಗಳಿಗೂ ಉದ್ಯೋಗಕ್ಕಾಗಿ ಹೋಗಿಬರುವವರ ಊರಾಗಿದೆ. ಕೆಂಪು ಇಟ್ಟಿಗೆಯ ಮನೆಗಳು, ಎದುರಿಗೆ ಕತ್ತರಿಸಿ ಒಪ್ಪಮಾಡಿದ ಗಿಡದ ಬೇಲಿ, ಹೂವಿನ ಮಡಿ, ಹುಲ್ಲಿನ ಅಂಗಳ. ಆಚೆಗೆ ದನಗಳು ಮೇಯುವ ಹಸಿರು ಹೊಲಗಳು. ಅನತಿ ದೂರದಲ್ಲಿ ಮಂದವಾಗಿ ಹರಿಯುವ ಹಳೆಯ ಕಾಲುವೆ. ಅಂಗಳಕ್ಕೆ ಗೋಡೆಯಿದ್ದರೂ ಅದು ಸೊಂಟದ ಎತ್ತರಕ್ಕಿಂತ ಮೇಲೇಳುವುದಿಲ್ಲ. ಕಿಟಕಿಗಳಿಗೆ ಕಬ್ಬಿಣದ ಸರಳುಗಳೇ ಇಲ್ಲ. ನಮ್ಮವರ ಕಣ್ಣಿಗೆ ಮೊದಲು ಬೀಳುವುದು ಇದೇ. ನೆಲಮಟ್ಟದ ದೊಡ್ಡ ಗಾಜಿನ ಕಿಟಕಿ. ಒಂದು ಕಲ್ಲಿನೇಟಿಗೆ ಒಡೆಯುವಂಥದು. ಅದರ ಹಿಂದೆ ದೀಪ, ಪುಸ್ತಕ, ಟೀ ಬಟ್ಟಲು ಎಲ್ಲವೂ ಬೀದಿಗೆ ಕಾಣುವಂತೆ ತೆರೆದಿಟ್ಟ ಸಂಸಾರ. ಟಪಾಲಿನವನು ತಂದ ಗಂಟು ಬಾಗಿಲ ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಒಡೆಯರು ಸಂಜೆ ಬಂದು ಎತ್ತಿಕೊಳ್ಳುತ್ತಾರೆ.

ಆ ಸೀಮೆಯ ಹೊಲದ ದಾರಿಯೊಂದರಲ್ಲಿ ಇನ್ನೂ ಒಂದು ಸೋಜಿಗವನ್ನು ಕಂಡೆನು. ಒಕ್ಕಲಿಗನ ಮನೆಯ ಎದುರು ಒಂದು ಮರದ ಕಪಾಟು. ಅದರೊಳಗೆ ಕೋಳಿಮೊಟ್ಟೆ, ಬಟಾಟೆ, ಹಸಿ ಅವರೆಯಂಥ ಕಾಯಿ. ಬೆಲೆ ಬರೆದ ಹಲಗೆ. ಹಣ ಹಾಕಲು ಒಂದು ಡಬ್ಬಿ. ಮಾರುವವರು ಯಾರೂ ಇಲ್ಲ. ಕೊಳ್ಳುವವನು ತಾನೇ ಹಣ ಹಾಕಿ, ತಾನೇ ಚಿಲ್ಲರೆ ಲೆಕ್ಕ ಮಾಡಿ, ಬೇಕಾದುದನ್ನು ಒಯ್ಯಬೇಕು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಇದು ಬಹಳ ಕಡೆ ನಡೆದುಬಂದ ರೂಢಿ. ಮೊಟ್ಟೆಯ ಗೊಡವೆ ನಮಗಿಲ್ಲವಷ್ಟೆ. ಒಂದು ಪೌಂಡಿನ ನಾಣ್ಯ ಹಾಕಿ ಬಟಾಟೆ ತೆಗೆದುಕೊಂಡೆನು. ಮನಸ್ಸಿಗೆ ತುಂಬ ಸಂತೋಷವೆನಿಸಿತು. ಹಿಂದಿರುಗುವಾಗ ನೋಡುತ್ತೇನೆ: ಆ ಹಣದ ಡಬ್ಬಿಯನ್ನು ದಪ್ಪನೆಯ ಸರಪಳಿಯಿಂದ ಕಂಬಕ್ಕೆ ಬಿಗಿದು ಬೀಗ ಹಾಕಿದ್ದಾರೆ! ನಂಬಿಗೆಯೂ ಉಂಟು, ಸರಪಳಿಯೂ ಉಂಟು. ಬಟಾಟೆ ಹೋದರೆ ಹೋಗಲಿ, ಡಬ್ಬಿ ಹೋಗಬಾರದು ಎಂಬ ಲೆಕ್ಕಾಚಾರವಿರಬೇಕು.

ಮಾಲಿಂಗ್ಟನ್ನಿನ ಬೀದಿಯಲ್ಲಿ ನಡೆಯುತ್ತಿದ್ದಾಗ ನನ್ನ ವೇಷ ಯಥಾಪ್ರಕಾರದ್ದೇ: ಧೋತರ, ಮೇಲೆ ಉಣ್ಣೆಯ ಕೋಟು, ಹೆಗಲಿಗೆ ಶಾಲು, ಹಣೆಯಲ್ಲಿ ವಿಭೂತಿ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೆ ಹತ್ತು ಹೆಜ್ಜೆ ಹೋಗುವುದರಲ್ಲಿ ಒಂದು ಕಿಟಕಿಯ ಜಾಲರಿ ಪರದೆ ಅಲುಗಿತು. ಇನ್ನೂ ಇಪ್ಪತ್ತು ಹೆಜ್ಜೆಗೆ ಇನ್ನೊಂದು. ಕಡೆಗೆ ಗುಲಾಬಿ ಗಿಡಕ್ಕೆ ಕತ್ತರಿ ಹಾಕುತ್ತಿದ್ದ ವೃದ್ಧ ತಾಯಿಯೊಬ್ಬಳು ತಲೆಯೆತ್ತಿ, ಮುಗುಳುನಗುತ್ತ, ‘ತಮಗೆ ನನ್ನಿಂದ ಏನಾದರೂ ಸಹಾಯವಾಗಬೇಕೆ?’ ಎಂದು ಕೇಳಿದಳು. ಈ ಪ್ರಶ್ನೆಗೆ ಆ ದೇಶದಲ್ಲಿ ಎರಡು ಅರ್ಥಗಳುಂಟು. ದಾರಿ ತಪ್ಪಿದವನಾದರೆ ದಾರಿ ತೋರಿಸುತ್ತೇನೆ ಎಂಬುದೊಂದು. ನೀನು ಯಾರು, ಇಲ್ಲೇಕೆ ತಿರುಗುತ್ತಿರುವೆ ಎಂಬುದು ಮತ್ತೊಂದು. ಎರಡೂ ಒಂದೇ ಮಾತಿನಲ್ಲಿ, ಒಂದೇ ನಗೆಯಲ್ಲಿ ಅಡಗಿರುತ್ತವೆ. ನಾನು ಬಂದ ಕಾರಣವನ್ನು ತಿಳಿಸಿದಾಗ ಆ ನಗೆ ನಿಜವಾಗಿ ಅರಳಿತು. ಆಮೇಲೆ ಅವಳು ಹವೆಯ ವಿಚಾರವಾಗಿ ಕಾಲುಗಂಟೆ ಮಾತನಾಡಿದಳು. ನನಗೆ ಸ್ವಲ್ಪವೂ ಅಸಮಾಧಾನವಾಗಲಿಲ್ಲ. ಆದರೆ ನನ್ನ ಸ್ಥಾನದಲ್ಲಿ ಇಪ್ಪತ್ತು ವರ್ಷದ ಪರದೇಶಿ ಹುಡುಗನಿದ್ದಿದ್ದರೆ ಆ ಮಾತಿನ ಯಾವ ಅರ್ಥ ಮೊದಲು ಮುಂದಾಗುತ್ತಿತ್ತೋ ಎಂದು ಯೋಚಿಸದೆ ಇರಲಾಗಲಿಲ್ಲ.

ಅಪರಿಚಿತನ ಮೇಲೆ ಕಣ್ಣಿಡುವ ಈ ಪದ್ಧತಿ ಇಂದು ನಿನ್ನೆಯದಲ್ಲ. ಪೊಲೀಸ್ ಎಂಬ ಇಲಾಖೆ ಹುಟ್ಟುವುದಕ್ಕೆ ಶತಮಾನಗಳ ಮೊದಲು ಇಂಗ್ಲೆಂಡಿನ ಹಳ್ಳಿಗಳನ್ನು ಕಾದವರು ಹಳ್ಳಿಗರೇ. ಹತ್ತು ಜನ ಗಂಡಸರದೊಂದು ಗುಂಪು. ಅವರಲ್ಲಿ ಒಬ್ಬ ತಪ್ಪು ಮಾಡಿದರೆ ಉಳಿದ ಒಂಬತ್ತು ಜನ ಅವನನ್ನು ಹಿಡಿದು ಒಪ್ಪಿಸಬೇಕು, ಇಲ್ಲವೇ ದಂಡ ತೆರಬೇಕು. 1285ರಲ್ಲಿ ಮೊದಲನೆಯ ಎಡ್ವರ್ಡ್ ದೊರೆ ವಿಂಚೆಸ್ಟರಿನಲ್ಲಿ ಹೊರಡಿಸಿದ ಶಾಸನ ಇದಕ್ಕೆ ಇನ್ನಷ್ಟು ಬಿಗಿ ತಂದಿತು. ಸೂರ್ಯ ಮುಳುಗಿದೊಡನೆ ಕೋಟೆಯೂರುಗಳ ಬಾಗಿಲು ಮುಚ್ಚಬೇಕು. ಬೇಸಿಗೆಯ ರಾತ್ರಿಗಳಲ್ಲಿ ಊರವರು ಸರದಿಯ ಮೇಲೆ ಕಾವಲು ಕಾಯಬೇಕು. ರಾತ್ರಿ ಹಾದುಹೋಗುವ ಅಪರಿಚಿತನನ್ನು ಬೆಳಗಾಗುವವರೆಗೆ ಹಿಡಿದಿಡಬೇಕು. ಕಳ್ಳನನ್ನು ಕಂಡವನು ಕೂಗೆಬ್ಬಿಸಿದರೆ ಕೇಳಿದವರೆಲ್ಲರೂ ಬೆನ್ನಟ್ಟಿ ಓಡಬೇಕು. ಸಂತೆಯೂರುಗಳ ನಡುವಣ ಹೆದ್ದಾರಿಯ ಎರಡೂ ಬದಿಗೆ ಇನ್ನೂರು ಅಡಿಯವರೆಗೆ ದರೋಡೆಕಾರರು ಅವಿತುಕೊಳ್ಳಬಹುದಾದ ಪೊದೆಗಳನ್ನು ಕಡಿದುಹಾಕಬೇಕೆಂದು ಕೂಡ ಆ ಶಾಸನದಲ್ಲಿ ವಿಧಿಸಿದೆ. ಇಂದು ಬೇಲಿಯ ಗಿಡವನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿಡಿರಿ ಎಂದು ಪೊಲೀಸರು ಮನೆಯವರಿಗೆ ಹೇಳುವ ಬುದ್ಧಿವಾದಕ್ಕೂ ಇದಕ್ಕೂ ಏಳುನೂರು ವರ್ಷಗಳ ಅಂತರವಿದ್ದರೂ ತತ್ತ್ವ ಒಂದೇ.

ಆ ಕಾಲದಲ್ಲಿ ಚೆಷೈರ್ ಸೀಮೆ ತನ್ನದೇ ಅಧಿಕಾರವುಳ್ಳ ಪ್ರತ್ಯೇಕ ಪ್ರಾಂತ್ಯವಾಗಿದ್ದಿತು. ಆದರೆ ಹೊರಗಿನವನ ಬಗೆಗಿನ ಸಂಶಯದಲ್ಲಿ ಅದು ಯಾರಿಗೂ ಕಡಿಮೆಯಿರಲಿಲ್ಲ. 1403ರಲ್ಲಿ ವೇಲ್ಸಿನವರು ದಂಗೆಯೆದ್ದಾಗ, ಮುಂದೆ ಐದನೆಯ ಹೆನ್ರಿ ದೊರೆಯಾದ ರಾಜಕುಮಾರನು, ಯಾವ ವೇಲ್ಸಿನವನೂ ಸೂರ್ಯೋದಯಕ್ಕೆ ಮೊದಲು ಚೆಸ್ಟರ್ ನಗರವನ್ನು ಹೊಗಬಾರದು, ಸೂರ್ಯಾಸ್ತದ ಅನಂತರ ಅಲ್ಲಿ ಉಳಿಯಬಾರದು, ತಪ್ಪಿದರೆ ಶಿರಚ್ಛೇದವೇ ಎಂದು ಆಜ್ಞೆ ಹೊರಡಿಸಿದನು. ಈ ಕಾನೂನು ಇಂದಿಗೂ ಜೀವಂತವಾಗಿದೆ ಎಂದು ಅಲ್ಲಿಯವರು ವಿನೋದಕ್ಕೆ ಹೇಳುವುದುಂಟು, ಅದು ನಿಜವಲ್ಲ. ಇಂದು ಸಾವಿರಾರು ವೇಲ್ಸಿನವರು ಪ್ರತಿನಿತ್ಯ ಚೆಸ್ಟರಿಗೆ ಬಂದು ಪೇಟೆ ಮಾಡಿಕೊಂಡು ಹೋಗುತ್ತಾರೆ.

ನಮ್ಮ ಹಳ್ಳಿಗಳಲ್ಲಿ ತಳವಾರನಿದ್ದಂತೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಪ್ಯಾರಿಷ್ ಕಾನ್‌ಸ್ಟೇಬಲ್ ಎಂಬವನಿರುತ್ತಿದ್ದನು. ತಳವಾರಿಕೆ ವಂಶಪರಂಪರೆಯಿಂದ ಬರುತ್ತಿದ್ದರೆ ಅಲ್ಲಿಯದು ವರ್ಷಕ್ಕೊಬ್ಬರ ಸರದಿ. ಸಂಬಳವಿಲ್ಲ, ಜನರ ನಿಷ್ಠುರ ಬೇರೆ. ಆದುದರಿಂದ ಅನುಕೂಲಸ್ಥರು ತಮ್ಮ ಸರದಿಗೆ ಇನ್ನೊಬ್ಬನಿಗೆ ಹಣಕೊಟ್ಟು ನಿಲ್ಲಿಸುತ್ತಿದ್ದರು. ಹಿಡಿದ ಕುಡುಕನನ್ನೋ ಕಳ್ಳನನ್ನೋ ರಾತ್ರಿ ಕೂಡಿಹಾಕಲು ಕಲ್ಲಿನ ಸಣ್ಣ ಕೋಣೆಗಳನ್ನು ಕಟ್ಟುತ್ತಿದ್ದರು. ಮರ್ಸಿ ನದಿಯಾಚೆ ಲಿವರ್‌ಪೂಲಿನ ಎವರ್ಟನ್ ದಿಬ್ಬದ ಮೇಲೆ 1787ರಲ್ಲಿ ಕಟ್ಟಿದ ಅಂಥ ದುಂಡನೆಯ ಕೋಣೆಯೊಂದು ಇಂದಿಗೂ ಇದೆ. ಅಲ್ಲಿಯ ಪ್ರಸಿದ್ಧ ಫುಟ್‌ಬಾಲ್ ತಂಡದವರು ಅದರ ಚಿತ್ರವನ್ನೇ ತಮ್ಮ ಲಾಂಛನದಲ್ಲಿ ಧರಿಸಿಕೊಂಡಿದ್ದಾರೆ. ಸೆರೆಮನೆಯನ್ನು ಎದೆಯ ಮೇಲೆ ಹೊತ್ತು ಆಡುವ ಆಟಗಾರರು ಬೇರೆಲ್ಲಿ ಇದ್ದಾರೋ ಕಾಣೆ.

1829ರಲ್ಲಿ ರಾಬರ್ಟ್ ಪೀಲನು ಲಂಡನ್ನಿಗೆ ಸಂಬಳದ ಪೊಲೀಸರನ್ನು ನೇಮಿಸುವ ಕಾಯದೆ ತಂದುದು ಸರ್ವವಿದಿತ. ಅದೇ ವರ್ಷ ಚೆಷೈರ್ ಪ್ರಾಂತ್ಯಕ್ಕೂ ಸಂಬಳದ ಕಾನ್‌ಸ್ಟೇಬಲ್ಲುಗಳನ್ನು ನೇಮಿಸಿಕೊಳ್ಳಲು ಪ್ರತ್ಯೇಕ ಕಾಯದೆಯಾಯಿತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1856ರ ಕಾಯದೆಯಿಂದ ದೇಶದ ಪ್ರತಿಯೊಂದು ಪ್ರಾಂತ್ಯವೂ ಪೊಲೀಸ್ ಪಡೆಯನ್ನು ಇಟ್ಟುಕೊಳ್ಳುವುದು ಕಡ್ಡಾಯವಾಯಿತು. ಮುಂದಿನ ನೂರು ವರ್ಷಗಳು ಹಳ್ಳಿಯ ಪೊಲೀಸನ ಕಾಲ. ಸರಕಾರ ಕಟ್ಟಿಸಿಕೊಟ್ಟ ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಊರಿನಲ್ಲಿಯೇ ಇದ್ದು, ಸೈಕಲ್ಲಿನ ಮೇಲೆ ತಿರುಗುತ್ತ, ಯಾರ ಹುಡುಗ ಯಾರ ತೋಟದ ಸೇಬು ಕದ್ದನೆಂಬುದನ್ನು ಬರೆದಿಡದೆಯೇ ನೆನಪಿನಲ್ಲಿಟ್ಟುಕೊಳ್ಳುತ್ತಿದ್ದ ಮನುಷ್ಯ. 1960ರ ದಶಕದಲ್ಲಿ, ಇದೇ ಸೀಮೆಗೆ ಹತ್ತಿರವಾದ ಕರ್ಕ್‌ಬಿ ಪಟ್ಟಣದಲ್ಲಿ ನಡೆದ ಪ್ರಯೋಗದ ಅನಂತರ, ಪೊಲೀಸರು ಕಾರು ಮತ್ತು ರೇಡಿಯೋಗಳನ್ನು ಹಿಡಿದರು. ಹತ್ತಾರು ಹಳ್ಳಿಗಳಿಗೆ ಒಂದು ಕಾರು ಸಾಕೆಂದಾಯಿತು. ಹಳ್ಳಿಯ ಪೊಲೀಸ್ ಮನೆಗಳು ಒಂದೊಂದಾಗಿ ಮಾರಾಟವಾದವು. ಹಳೆಯ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ಹಳೆಯ ಪೊಲೀಸ್ ಮನೆ’ ಎಂಬ ಹಲಗೆ ಹೊತ್ತ ಚೆಂದದ ಮನೆಗಳನ್ನು ಈಗ ಕಾಣಬಹುದು. ಒಳಗೆ ವಕೀಲರೋ ವರ್ತಕರೋ ಇರುತ್ತಾರೆ.

ಪೊಲೀಸನು ಊರು ಬಿಟ್ಟನು. ಕಳ್ಳನಿಗೆ ಕಾರು ದೊರೆಯಿತು. ಮನೆಮಂದಿಯೆಲ್ಲ ಹಗಲು ದುಡಿಯಲು ಹೋಗುವುದರಿಂದ ಮನೆಗಳು ಬರಿದಾದವು. ಈ ಸ್ಥಿತಿಯಲ್ಲಿ 1982ರ ಮಾಲಿಂಗ್ಟನ್ ಪ್ರಯೋಗ ಹುಟ್ಟಿತು. ಅದರ ಮಾದರಿ ಅಮೆರಿಕದ್ದು. ಅಲ್ಲಿಯ ಷೆರೀಫರ ರಾಷ್ಟ್ರೀಯ ಸಂಘ 1972ರಲ್ಲಿಯೇ ಇಂಥದನ್ನು ಆರಂಭಿಸಿದ್ದಿತು. ವ್ಯವಸ್ಥೆ ಸರಳವಾದುದು. ಒಂದು ಬೀದಿಯ ಮನೆಯವರು ಸೇರಿ ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸುತ್ತಾರೆ. ಯಾರಾದರೂ ಪರಸ್ಥಳಕ್ಕೆ ಹೋದರೆ ನೆರೆಯವರು ಅವರ ಟಪಾಲು ತೆಗೆದಿಡುತ್ತಾರೆ, ಸಂಜೆ ಪರದೆ ಎಳೆಯುತ್ತಾರೆ. ಬೆಲೆಬಾಳುವ ಸಾಮಾನುಗಳ ಮೇಲೆ ಕಣ್ಣಿಗೆ ಕಾಣದ ಮಸಿಯಿಂದ ಪಿನ್‌ಕೋಡಿನಂಥ ಗುರುತು ಬರೆದಿಡುತ್ತಾರೆ. ಗುರುತಿಲ್ಲದ ವಾಹನ ಬಹಳ ಹೊತ್ತು ನಿಂತಿದ್ದರೆ ಅದರ ಸಂಖ್ಯೆ ಬರೆದುಕೊಂಡು ಪೊಲೀಸರಿಗೆ ತಿಳಿಸುತ್ತಾರೆ. ತಾವಾಗಿ ಯಾರ ಮೇಲೂ ಕೈಮಾಡುವಂತಿಲ್ಲ. ಕಣ್ಣು ಮತ್ತು ಕಿವಿಯಾಗಿರಬೇಕು, ಅಷ್ಟೆ. ಮರುವರ್ಷ ಲಂಡನ್ ಪೊಲೀಸರು ಇದನ್ನು ಕೈಗೆತ್ತಿಕೊಂಡರು. 1990ರ ದಶಕದ ಮಧ್ಯಭಾಗದ ಹೊತ್ತಿಗೆ ದೇಶದಲ್ಲಿ ಇಂಥ ಕಾವಲು ಗುಂಪುಗಳು ಒಂದು ಲಕ್ಷವನ್ನು ಮೀರಿದ್ದವು. ಕೆಲವು ವಿಮಾ ಕಂಪನಿಗಳು ಸದಸ್ಯರಿಗೆ ಕಂತಿನಲ್ಲಿ ರಿಯಾಯಿತಿಯನ್ನೂ ಕೊಟ್ಟವು.

ಇದರಿಂದ ಕಳವು ಕಡಿಮೆಯಾಯಿತೆ? ಇಲ್ಲಿ ವಿದ್ವಾಂಸರ ನಡುವೆ ದೊಡ್ಡ ಜಿಜ್ಞಾಸೆ ನಡೆದಿದೆ. ಟ್ರೆವರ್ ಬೆನೆಟ್ ಎಂಬ ಅಪರಾಧಶಾಸ್ತ್ರಜ್ಞರು 1980ರ ದಶಕದಲ್ಲಿ ಲಂಡನ್ನಿನ ಎರಡು ಬಡಾವಣೆಗಳನ್ನು ಪರೀಕ್ಷಿಸಿದಾಗ ಕಳವು ಇಳಿದ ಕುರುಹು ಕಾಣಲಿಲ್ಲ. ಅದೇ ವಿದ್ವಾಂಸರು ಸಂಗಡಿಗರೊಡನೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕಾವಲು ಗುಂಪುಗಳಿದ್ದೆಡೆ ಅಪರಾಧಗಳು ಶೇಕಡಾ 16ರಿಂದ 26ರಷ್ಟು ಇಳಿದುದು ಕಂಡುಬಂದಿತು. ಇದಕ್ಕಿಂತ ವಿಚಾರ ಮಾಡಬೇಕಾದ ಇನ್ನೊಂದು ಸಂಗತಿಯುಂಟು. ಇಂಥ ಗುಂಪುಗಳು ಸುಲಭವಾಗಿ ಬೇರೂರುವುದು ಉಳ್ಳವರ, ಮೊದಲೇ ಕಳವು ಕಡಿಮೆಯಿರುವ ನೆರೆಹೊರೆಗಳಲ್ಲಿ. ಕಳವು ಹೆಚ್ಚಾಗಿರುವ ಬಡವರ ಕೇರಿಗಳಲ್ಲಿ, ಪಕ್ಕದ ಮನೆಯವನನ್ನೇ ನಂಬಲಾಗದಿದ್ದಲ್ಲಿ, ಸಭೆ ಸೇರುವವರಾದರೂ ಯಾರು? ಔಷಧಿ ಹೆಚ್ಚಾಗಿ ಮಾರಾಟವಾಗುವುದು ಆರೋಗ್ಯವಂತರ ಬೀದಿಯಲ್ಲಿ ಎಂದಂತಾಯಿತು. ಆದುದರಿಂದ ಮಾಲಿಂಗ್ಟನ್ನಿನಂಥ ಊರು ಕಾವಲಿನಿಂದ ನೆಮ್ಮದಿಯಾಗಿದೆಯೋ, ನೆಮ್ಮದಿಯಾಗಿರುವುದರಿಂದ ಕಾವಲು ಅಲ್ಲಿ ನೆಲೆನಿಂತಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇರಬಹುದೆಂದು ನನ್ನ ಭಾವನೆ.

ಅಂಕಿಸಂಖ್ಯೆಗಳ ವಿಚಾರವಾಗಿಯೂ ಎರಡು ಮಾತು. 2011ರಿಂದ ಬ್ರಿಟಿಷ್ ಸರಕಾರ ಪ್ರತಿ ಬೀದಿಯ ಅಪರಾಧಗಳನ್ನು ನಕಾಶೆಯ ಮೇಲೆ ಗುರುತಿಸಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಮನೆ ಕೊಳ್ಳುವವರು ಮೊದಲು ಅದನ್ನು ನೋಡುತ್ತಾರೆ. ಆದರೆ ನೊಂದವರ ಗುರುತು ಬಯಲಾಗಬಾರದೆಂದು ಪ್ರತಿಯೊಂದು ಘಟನೆಯನ್ನೂ ಹತ್ತಿರದ ಒಂದು ಗೊತ್ತಾದ ಬಿಂದುವಿಗೆ ಸರಿಸಿ ತೋರಿಸಿರುತ್ತಾರೆ; ನಕಾಶೆಯ ಚುಕ್ಕೆ ಕಳವಾದ ಮನೆಯ ಮೇಲೆಯೇ ಇದ್ದೀತೆಂದು ತಿಳಿಯಬಾರದು. ಸಣ್ಣ ಊರಿನ ಲೆಕ್ಕವಂತೂ ಇನ್ನೂ ಮೋಸದ್ದು. ಆರುನೂರು ಜನರಿರುವ ಊರಿನಲ್ಲಿ ವರ್ಷಕ್ಕೆ ಮೂರು ಕಳವಾದರೆ ಸಾವಿರಕ್ಕೆ ಐದು ಎಂದಾಯಿತು. ಒಬ್ಬನೇ ಕಳ್ಳ ಒಂದೇ ರಾತ್ರಿ ಮೂರು ಕೊಟ್ಟಿಗೆಗಳ ಬೀಗ ಮುರಿದರೆ ಆ ವರ್ಷ ಅಪರಾಧ ಇಮ್ಮಡಿಯಾಯಿತೆಂದು ಪತ್ರಿಕೆಗಳು ಬರೆಯಬಹುದು. ಊರು ಕೆಟ್ಟಿತೆಂದು ಅರ್ಥವೆ?

ಪೊಲೀಸರ ದಫ್ತರಿಗೆ ಬಾರದ ಅಪರಾಧಗಳೂ ಇರುತ್ತವಷ್ಟೆ. ಅವನ್ನು ತಿಳಿಯಲು ಮನೆಮನೆಗೆ ಹೋಗಿ ‘ನಿಮಗೇನಾಯಿತು’ ಎಂದು ಕೇಳುವ ಸಮೀಕ್ಷೆಯನ್ನು ಅಲ್ಲಿ ಆರಂಭಿಸಿದುದೂ 1982ರಲ್ಲಿಯೇ. ಆ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಳವು ಹಲ್ಲೆ ಮೊದಲಾದವು ಏರುತ್ತ ಹೋಗಿ 1995ರಲ್ಲಿ ತುದಿ ಮುಟ್ಟಿ, ಅಲ್ಲಿಂದೀಚೆಗೆ ಬಹಳವಾಗಿ ಇಳಿದಿವೆ. ಮನೆಗನ್ನಗಳು ಸುಮಾರು ಮುಕ್ಕಾಲು ಪಾಲು ಕಡಿಮೆಯಾಗಿವೆ. ಗಟ್ಟಿಯಾದ ಬೀಗಗಳು, ಎರಡು ಪದರದ ಗಾಜು, ಮೊದಲಿನಂತೆ ಬೆಲೆಬಾಳದ ದೂರದರ್ಶನ ಪೆಟ್ಟಿಗೆಗಳು, ಹೀಗೆ ಕಾರಣಗಳನ್ನು ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ಹಳ್ಳಿಗಳಲ್ಲಿ ಈ ಪ್ರಮಾಣ ಪಟ್ಟಣಗಳಿಗಿಂತಲೂ ಕಡಿಮೆ. ಹಾಗಾದರೆ ವೈದ್ಯರ ತಾಯಿಯವರು ನಿಶ್ಚಿಂತೆಯಿಂದಿರಬಹುದಲ್ಲ ಎನ್ನಬಹುದು. ಬೀದಿಯ ಮಟ್ಟಿಗೆ ಅದು ನಿಜ. ಆದರೆ ಊರೆಂದರೆ ಬೀದಿಯಷ್ಟೇ ಅಲ್ಲ.

ಬೀದಿಯಾಚೆಗಿನ ಹೊಲದ ಸಂಗತಿಯೇ ಬೇರೆ. ಒಂಟಿ ಒಕ್ಕಲು ಮನೆಗಳಿಂದ ನಾಲ್ಕು ಗಾಲಿಯ ಸಣ್ಣ ವಾಹನಗಳು, ಟ್ರ್ಯಾಕ್ಟರಿನ ದಿಕ್ಕು ತೋರುವ ಉಪಕರಣಗಳು, ಡೀಸೆಲ್, ಕುರಿಗಳು ಕಳವಾಗುತ್ತವೆ. ಹಳೆಯ ಚರ್ಚುಗಳ ಮಾಡಿನ ಸೀಸದ ತಗಡನ್ನು ಕಿತ್ತೊಯ್ಯುವುದುಂಟು. ಒಕ್ಕಲಿಗರ ವಿಮಾ ಸಂಸ್ಥೆಯಾದ ಎನ್‌ಎಫ್‌ಯು ಮ್ಯೂಚುಯಲ್ 2024ರ ಒಂದೇ ವರ್ಷದಲ್ಲಿ ಬ್ರಿಟನ್ನಿನ ಗ್ರಾಮೀಣ ಕಳವುಗಳಿಂದಾದ ನಷ್ಟವನ್ನು 4 ಕೋಟಿ 41 ಲಕ್ಷ ಪೌಂಡುಗಳೆಂದು ಅಂದಾಜು ಮಾಡಿದೆ. ಕೂಗಿದರೆ ಕೇಳುವವರಿಲ್ಲದ ಕಡೆ ಭಯ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ ದೇಶದ ಪೂರ್ವಭಾಗದಲ್ಲಿರುವ ನಾರ್ಫೋಕ್ ಪ್ರಾಂತ್ಯದ ಎಮ್ನೆತ್ ಹಂಗೇಟ್ ಎಂಬ ಹಳ್ಳಿ ನಿದರ್ಶನ. 1999ರ ಆಗಸ್ಟ್ ತಿಂಗಳ ಒಂದು ರಾತ್ರಿ ಟೋನಿ ಮಾರ್ಟಿನ್ ಎಂಬ ಒಂಟಿ ಒಕ್ಕಲಿಗ ತನ್ನ ಮನೆಯನ್ನು ಹೊಕ್ಕ ಕಳ್ಳರ ಮೇಲೆ ಗುಂಡು ಹಾರಿಸಿದನು. ಹದಿನಾರು ವರ್ಷದ ಹುಡುಗನೊಬ್ಬ ಸತ್ತನು. ಪೊಲೀಸರು ತಮ್ಮ ನೆರವಿಗೆ ಬರುವುದಿಲ್ಲವೆಂಬ ಸಿಟ್ಟು ಆ ಒಕ್ಕಲಿಗನಲ್ಲಿ ಮೊದಲೇ ಮನೆಮಾಡಿದ್ದಿತು. ಕೊಲೆಯ ಅಪರಾಧಿಯೆಂದು 2000ದಲ್ಲಿ ತೀರ್ಪಾಗಿ, ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಅದು ಕಡಿಮೆ ದರ್ಜೆಯ ನರಹತ್ಯೆಯೆಂದು ಇಳಿದು, 2003ರಲ್ಲಿ ಅವನು ಬಿಡುಗಡೆಯಾದನು. ಇಡೀ ದೇಶ ಎರಡು ಪಕ್ಷವಾಗಿ ವಾದಿಸಿತು. ಒಕ್ಕಲಿಗನ ಭಯ ನಿಜವಾದುದೇ. ಆದರೆ ಓಡಿಹೋಗುವ ಹುಡುಗನ ಬೆನ್ನಿಗೆ ಗುಂಡಿಡುವುದನ್ನು ಆತ್ಮರಕ್ಷಣೆಯೆಂದು ನಾನು ಒಪ್ಪಲಾರೆ.

ಮನೆಯೊಳಗಣ ವಿಚಾರ ಇದಕ್ಕಿಂತಲೂ ದಾರುಣವಾದುದು. 2019ರಲ್ಲಿ ಗ್ರಾಮೀಣ ಅಪರಾಧಗಳ ಬಗೆಗೆ ಕೆಲಸ ಮಾಡುವ ನ್ಯಾಷನಲ್ ರೂರಲ್ ಕ್ರೈಮ್ ನೆಟ್‌ವರ್ಕ್ ಎಂಬ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿ, ಗಂಡನಿಂದಲೋ ಸಂಗಾತಿಯಿಂದಲೋ ಹಿಂಸೆಗೊಳಗಾದ ಹಳ್ಳಿಯ ಹೆಂಗಸರು ಪಟ್ಟಣದವರಿಗಿಂತ ಶೇಕಡಾ 25ರಷ್ಟು ಹೆಚ್ಚು ಕಾಲ ಆ ಹಿಂಸೆಯನ್ನು ಸಹಿಸಿಕೊಂಡಿರುತ್ತಾರೆಂದು ಹೇಳಿದೆ. ದೂರು ಕೊಡುವವರೂ ಕಡಿಮೆ. ಕಾರಣ ಊಹಿಸಲು ಕಷ್ಟವಿಲ್ಲ. ಬಸ್ಸಿಲ್ಲ, ಕಾರಿನ ಕೀಲಿಕೈ ಗಂಡನ ಕಿಸೆಯಲ್ಲಿ, ಊರ ಹಿರಿಯರೆಲ್ಲ ಗಂಡನಿಗೆ ಪರಿಚಿತರು, ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಬೀದಿಯಲ್ಲಿ ನಿಂತ ಗುರುತಿಲ್ಲದ ವಾಹನದ ಸಂಖ್ಯೆಯನ್ನು ಬರೆದುಕೊಳ್ಳುವ ಕಣ್ಣು ಪಕ್ಕದ ಮನೆಯ ಹೊಸ್ತಿಲ ಬಳಿ ಮರ್ಯಾದೆಯಿಂದ ಮುಚ್ಚಿಕೊಳ್ಳುತ್ತದೆ. ಇದನ್ನು ಓದುವಾಗ ಇಂಗ್ಲೆಂಡಿನ ಹಳ್ಳಿಯೊಂದೇ ನಮ್ಮ ತಾಯಂದಿರ ಮನಸ್ಸಿಗೆ ಬಂದೀತೆಂದು ನಾನು ತಿಳಿದಿಲ್ಲ.

ಇನ್ನು ಹೊಸ ಕಳ್ಳನ ಕಥೆ. ಇವನು ಬೀದಿಗೆ ಕಾಲಿಡುವುದೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಜನರು ಅನುಭವಿಸುವ ಒಟ್ಟು ಅಪರಾಧಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಈಗ ವಂಚನೆಯ ಪ್ರಕರಣಗಳೇ. ದೂರವಾಣಿಯಿಂದ, ಕಂಪ್ಯೂಟರಿನಿಂದ ನಡೆಯುವಂಥವು. ವೈದ್ಯರ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ವಿಧವೆ ತಾಯಿಯೊಬ್ಬರಿದ್ದಾರೆ. ಒಂದು ದಿನ ಅವರಿಗೆ ಫೋನು ಬಂದಿತು: ‘ನಾವು ನಿಮ್ಮ ಬ್ಯಾಂಕಿನವರು; ನಿಮ್ಮ ಖಾತೆಗೆ ಕಳ್ಳರು ಕೈಹಾಕಿದ್ದಾರೆ; ಹಣವನ್ನು ಕೂಡಲೇ ಕ್ಷೇಮವಾದ ಇನ್ನೊಂದು ಖಾತೆಗೆ ಸಾಗಿಸಿರಿ.’ ಧ್ವನಿ ಬಹಳ ವಿನಯದ್ದು. ಅವರು ಸಾಗಿಸಿದರು. ಬಾಗಿಲಿಗೆ ಎರಡು ಚಿಲಕ, ಕಿಟಕಿಗೆ ಕಾವಲು ಗುಂಪಿನ ಚೀಟಿ, ಎದುರು ಮನೆಯವರ ಎಚ್ಚರದ ಕಣ್ಣು, ಎಲ್ಲವೂ ಇದ್ದವು. ಅರ್ಧ ಗಂಟೆಯಲ್ಲಿ ಅವರ ಉಳಿತಾಯದ ಬಹುಪಾಲು ಹೋಯಿತು. ಅವರು ನಾಲ್ಕು ದಿನ ಯಾರಿಗೂ ಹೇಳಲಿಲ್ಲ, ನಾಚಿಕೆಯಿಂದ ಬಾಯಿಬಿಡಲಿಲ್ಲ.

ಅದೇ ಧ್ವನಿಯೋ ಅಂಥದೇ ಇನ್ನೊಂದೋ ನಮ್ಮ ವೈದ್ಯರ ಮನೆಗೂ ಬಂದಿದ್ದಿತಂತೆ. ತಾಯಿಯವರು ನನಗೆ ಹೇಳಿದುದನ್ನು ಅವರ ಮಾತಿನಲ್ಲಿಯೇ ಕೊಡುತ್ತೇನೆ: ‘ಶಾಸ್ತ್ರಿಗಳ, ಅವ ಇಂಗ್ಲೀಷಿನ್ಯಾಗ ಬಡಬಡ ಮಾತಾಡಿದ. ನಾ ಕನ್ನಡದಾಗ, ಯಪ್ಪಾ ನನ್ನ ಮಗಾ ದವಾಖಾನಿಗಿ ಹೋಗ್ಯಾನ, ಸಂಜಿಗಿ ಬರ್ತಾನ, ನೀ ಉಂಡ್ಯೇನಪಾ ಅಂದೆ. ಪಟ್ನ ಇಟ್ಟಬಿಟ್ಟ.’ ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅವರೇ ಹೇಳಿದರು: ‘ಇಲ್ಲಿ ಕಳ್ಳರ ಅಂಜಿಕಿ ಇಲ್ರೀ. ಬಾಗಿಲಾ ತಗದಿಟ್ರೂ ಯಾರೂ ಬರೂದಿಲ್ಲ. ಅದ ನನಗ ಅಂಜಿಕಿ. ನಾ ಬಿದ್ರೂ ಯಾರೂ ಬರೂದಿಲ್ಲ.’

ಮಗ ಈ ಮಾತನ್ನು ಅದುವರೆಗೆ ಕೇಳಿರಲಿಲ್ಲವೆಂದು ತೋರುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಾಗಿಲಿಗೆ ಕ್ಯಾಮೆರಾ ಹಾಕಿಸಬೇಕೆಂದಿದ್ದ ವಿಚಾರವನ್ನು ಅಂದು ರಾತ್ರಿ ಮತ್ತೆ ಎತ್ತಲಿಲ್ಲ. ಮರುದಿನ ಸೊಸೆ ಪಕ್ಕದ ಮನೆಗೆ ಹೋಗಿ ಆ ವೃದ್ಧೆಯೊಡನೆ ಟೀ ಕುಡಿದು ಮಾತನಾಡಿ ಬಂದರು. ಹಣ ಕಳೆದುಕೊಂಡ ಸಂಗತಿ ಆ ತಾಯಿಯ ಬಾಯಿಂದ ಪೂರ್ತಿಯಾಗಿ ಹೊರಬಂದುದು ಆಗಲೇ. ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಫೋನು ಇಟ್ಟುಬಿಟ್ಟು 159ಕ್ಕೆ ಕರೆ ಮಾಡಿ ನಿಜವಾದ ಬ್ಯಾಂಕಿನವರನ್ನೇ ಕೇಳುವ ಅನುಕೂಲ 2021ರಿಂದ ಆ ದೇಶದಲ್ಲಿದೆ. ಸೊಸೆ ಆ ಮೂರು ಅಂಕಿಗಳನ್ನು ದೊಡ್ಡದಾಗಿ ಬರೆದು ಎರಡೂ ಮನೆಗಳ ಫೋನಿನ ಪಕ್ಕದಲ್ಲಿ ಅಂಟಿಸಿದರು.

ಅಂದು ಟೀ ಕುಡಿಯುವಾಗ ಇನ್ನೊಂದು ಒಪ್ಪಂದವೂ ಆಯಿತು. ಇಬ್ಬರು ವೃದ್ಧೆಯರ ಮಲಗುವ ಕೋಣೆಗಳ ಕಿಟಕಿಗಳು ಬೇಲಿಯ ಎರಡು ಬದಿಗೆ ಎದುರುಬದುರಾಗಿವೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುಂಜಾನೆ ಒಂಬತ್ತು ಗಂಟೆಯೊಳಗೆ ಇಬ್ಬರೂ ಪರದೆ ಸರಿಸಬೇಕು. ಒಬ್ಬರ ಪರದೆ ಸರಿಯದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ಬಡಿಯಬೇಕು. ಬಾಗಿಲು ತೆರೆಯದಿದ್ದರೆ ವೈದ್ಯರಿಗೆ ಫೋನು ಮಾಡಬೇಕು. ನಾನು ಅಲ್ಲಿದ್ದ ಉಳಿದ ಹನ್ನೊಂದು ದಿನವೂ ನಮ್ಮ ತಾಯಿಯವರು ಎಂಟೂವರೆಗೇ ಪೂಜೆ ಮುಗಿಸಿ, ಪರದೆ ಸರಿಸಿ, ಕುರ್ಚಿ ಹಾಕಿಕೊಂಡು ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಆಚೆಯ ಪರದೆ ಸರಿದು ಬಿಳಿಯ ಕೂದಲ ತಲೆಯೊಂದು ಕಾಣಿಸಿ ಕೈ ಬೀಸಿದ ಮೇಲೆಯೇ ಅವರು ಎದ್ದು ನಾಷ್ಟಾ ಮಾಡಲು ಒಳಗೆ ಬರುತ್ತಿದ್ದರು.